ಕುಕ್ಕರಿಗೆ ಲೆಕ್ಕ ಕಲಿಸಿದ ನಮ್ಮ ಭಾವ

ನಮ್ಮ ಭಾವ ತಮ್ಮನ್ನು ತಾವು ಸಂಶೋಧಕ ಅಂತ ಕರೆದುಕೊಳ್ಳುತ್ತಿದ್ದರು. ಅವರು ಜೀವಮಾನದಲ್ಲಿ ಒಂದೇ ಒಂದು ಹೊಸ ವಸ್ತುವನ್ನೂ ಕಂಡುಹಿಡಿಯಲಿಲ್ಲ ಅಂತ ನಾನು ದೀಪ ಮುಟ್ಟಿ ಹೇಳಬಲ್ಲೆ. ಅವರು ಮಾಡುತ್ತಿದ್ದದ್ದು ಇಷ್ಟೇ: ತನ್ನ ಪಾಡಿಗೆ ತಾನು ನೆಮ್ಮದಿಯಾಗಿದ್ದ ಒಂದು ವಸ್ತುವನ್ನು ಹಿಡಿದು ತಂದು, ಅಷ್ಟೇ ನೆಮ್ಮದಿಯಾಗಿದ್ದ ಇನ್ನೊಂದು ವಸ್ತುವಿಗೆ ತಂತಿಯಲ್ಲಿ ಕಟ್ಟಿಬಿಡುವುದು. ಅವತ್ತಿನಿಂದ ಎರಡೂ ಕೆಲಸ ಮಾಡುತ್ತಿರಲಿಲ್ಲ. ಇದಕ್ಕೆ ಸಂಶೋಧನೆ ಅನ್ನುತ್ತಾರೆಯೇ?

ನಾನು ಟೈಪಿಂಗ್ ಪಾಸು ಮಾಡಿ ಪೀಣ್ಯದ ಒಂದು ನಟ್ಟು-ಬೋಲ್ಟಿನ ಕಂಪನಿಯ ಆಫೀಸಿಗೆ ಸೇರಿದ್ದು ಎಂಬತ್ತರ ದಶಕದ ಮೊದಲಲ್ಲಿ. ಉಳಿದುಕೊಂಡದ್ದು ಅಕ್ಕ-ಭಾವನ ಮನೆಯಲ್ಲಿ, ರಾಜಗೋಪಾಲನಗರದಲ್ಲಿ. ಆಗ ಅಲ್ಲಿ ರಾಗಿ ಹೊಲ ಪೂರ್ತಿ ಮುಗಿದಿರಲಿಲ್ಲ, ಕಾರ್ಖಾನೆ ಪೂರ್ತಿ ಶುರುವಾಗಿರಲಿಲ್ಲ. ಹೊಲದ ಯಜಮಾನರಾದ ಗೌಡರು ಅರ್ಧ ಹೊಲದಲ್ಲಿ ಸಾಲುಮನೆ ಕಟ್ಟಿಸಿ ಕಾರ್ಖಾನೆಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ಆ ಸಾಲಿನ ಕೊನೆಮನೆ ನಮ್ಮದು. ಕೊನೆಮನೆಯಾದ್ದರಿಂದ ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ. ಖಾಲಿ ಜಾಗ ಕಂಡರೆ ಮರ್ಯಾದಸ್ಥರು ಕರಿಬೇವು ನೆಡುತ್ತಾರೆ, ಇಲ್ಲ ದಾಸವಾಳ ನೆಡುತ್ತಾರೆ. ಭಾವ ಅಲ್ಲಿ ತಗಡಿನ ಶೆಡ್ಡು ಹಾಕಿ ಲ್ಯಾಬೊರೇಟರಿ ಅಂತ ಹೆಸರಿಟ್ಟರು. ಗೌಡರು ಅದನ್ನು 'ಲಬೋಲಬೋ' ಅಂತ ಕರೆಯುತ್ತಿದ್ದರು. ಅಲ್ಲಿಂದ ಬರುತ್ತಿದ್ದ ಸದ್ದಿಗೆ ಅದೇ ಸರಿಯಾದ ಹೆಸರು.

ಭಾವ ಪೀಣ್ಯದ ಇನ್ನೊಂದು ಕಾರ್ಖಾನೆಯಲ್ಲಿ ಪ್ರೆಸ್ ಶಾಪಿನ ಸೂಪರ್‌ವೈಸರ್. ಪ್ರೆಸ್ ಶಾಪ್ ಅಂದರೆ ಆನೆಯಂಥ ಯಂತ್ರಗಳು ಮೇಲಿಂದ ದಬ್ ಅಂತ ಬಡಿದು ತಗಡನ್ನು ಒತ್ತುವ ಜಾಗ. ಹಗಲೆಲ್ಲ ಆ ಬಡಿತ ಕೇಳಿದವರ ತಲೆ ಸರಿಯಾಗಿರುವುದು ಕಷ್ಟ ಅಂತ ನಾನು ಸ್ವಲ್ಪ ದಿನ ಕ್ಷಮಿಸಿದ್ದೆ. ಆಮೇಲೆ ಅದೇ ಶಾಪಿನ ಬೇರೆಯವರನ್ನು ನೋಡಿದೆ. ಅವರೆಲ್ಲ ಚೆನ್ನಾಗಿಯೇ ಇದ್ದರು.

ನಾನು ಹೋದ ಹೊಸತರಲ್ಲಿ ಸೈಕಲ್ಲಿಗೆ ರುಬ್ಬುವ ಕಲ್ಲನ್ನು ಕಟ್ಟಿದ್ದರು. ಸೈಕಲ್ಲು ಸ್ಟ್ಯಾಂಡಿನ ಮೇಲೆ, ಭಾವ ಸೈಕಲ್ಲಿನ ಮೇಲೆ. ಪೆಡಲು ತುಳಿದರೆ ಹಿಂದಿನ ಚಕ್ರ ತಿರುಗಿ, ಬೆಲ್ಟು ತಿರುಗಿ, ಗುಂಡು ತಿರುಗಿ, ಉದ್ದಿನಬೇಳೆ ರುಬ್ಬುತ್ತದೆ ಅನ್ನುವುದು ಯೋಜನೆ. ತಿರುಗಿದ್ದೇನೋ ನಿಜ. ಹಿಟ್ಟು ಕಲ್ಲಿನೊಳಗೆ ಮಾತ್ರ ಉಳಿಯಲಿಲ್ಲ. ಗೋಡೆ, ಸೂರು, ಒಣಹಾಕಿದ್ದ ನನ್ನ ಸೀರೆ ಎಲ್ಲಕ್ಕೂ ಸಮನಾಗಿ ಹಂಚಿಹೋಯಿತು. ಭಾವ ಇಳಿದು ಬೆವರು ಒರೆಸಿಕೊಂಡು, "ನುಣ್ಣಗೆ ಬಂದಿದೆ ನೋಡು," ಅಂತ ನನ್ನ ಸೀರೆಯನ್ನು ಮುಟ್ಟಿ ತೋರಿಸಿದರು.

ಆಮೇಲೆ ಕೊಡೆಗೆ ಟಾರ್ಚು ಕಟ್ಟಿದರು. ಮಳೆಗಾಲದ ಸಂಜೆ ಎರಡು ಕೈಯಲ್ಲಿ ಎರಡು ವಸ್ತು ಯಾಕೆ ಅಂತ. ಟಾರ್ಚನ್ನು ಕೊಡೆಯ ಕಡ್ಡಿಗಳ ನಡುವೆ ಸಿಕ್ಕಿಸಿದ್ದರು. ಅದರ ಬೆಳಕು ನೇರವಾಗಿ ಅವರ ಬೋಳುತಲೆಯ ಮೇಲೆ ಬೀಳುತ್ತಿತ್ತು. ಕತ್ತಲಾಗುತ್ತಿದ್ದ ರಸ್ತೆಯಲ್ಲಿ ಒಂದು ತಲೆ ಮಾತ್ರ ಹೊಳೆಯುತ್ತಾ ಬರುವುದನ್ನು ನೋಡಿ ಗೌಡರು ಜಗಲಿಯಿಂದ ಕೇಳಿದರು, "ಸ್ವಾಮಿ, ದಾರಿ ಕಾಣ್ತದಾ?"

"ದಾರಿ ಕಾಣಲ್ಲ ಗೌಡ್ರೆ," ಅಂದರು ಭಾವ ಗಂಭೀರವಾಗಿ, "ಆದ್ರೆ ದಾರೀಲಿ ಬರೋರಿಗೆ ನಾನು ಕಾಣ್ತೀನಿ."

ಇಷ್ಟಕ್ಕೇ ನಿಂತಿದ್ದರೆ ಅವರು ಬರೀ ಸಾಲುಮನೆಯ ಮಟ್ಟದ ಪೀಡೆಯಾಗಿ ಉಳಿಯುತ್ತಿದ್ದರು. ಆದರೆ ಅವರ ಕಾರ್ಖಾನೆಯ ಮಾಲೀಕರಿಗೆ ಒಂದು ಪೇಟೆಂಟು ಸಿಕ್ಕಿತು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಈ ವಸ್ತುವನ್ನು ಮೊದಲು ಮಾಡಿದವನು ನಾನು, ಇಷ್ಟು ವರ್ಷ ನನ್ನನ್ನು ಕೇಳದೆ ಬೇರೆ ಯಾರೂ ಮಾಡಕೂಡದು ಅಂತ ಸರ್ಕಾರ ಕೊಡುವ ಹಕ್ಕೇ ಪೇಟೆಂಟು. ಮಾಲೀಕರು ತಗಡನ್ನು ಅಲುಗಾಡದಂತೆ ಹಿಡಿಯುವ ಒಂದು ಕ್ಲಾಂಪಿಗೆ ಅದನ್ನು ಪಡೆದು, ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದರು. ಅವತ್ತು ಭಾವ ಮನೆಗೆ ಬಂದವರು ಚಪ್ಪಲಿ ಬಿಡುವುದಕ್ಕೂ ಮೊದಲು ಶುರುಮಾಡಿದರು.

"ಅದರಲ್ಲಿ ಹೊಸದೇನಿದೆಯಮ್ಮ? ಸ್ಕ್ರೂ ಮೊದಲೇ ಇತ್ತು. ಸ್ಪ್ರಿಂಗ್ ಮೊದಲೇ ಇತ್ತು. ಎರಡನ್ನೂ ಸೇರಿಸಿದ್ದಾನೆ, ಅಷ್ಟೇ. ಇದು ಯಾವ ಮಗುವಿಗೂ ಹೊಳೆಯುತ್ತೆ."

ಈ ಮಾತನ್ನು ಅವರು ಊಟದ ತನಕ ಹೇಳಿದರು, ಊಟವಾದ ಮೇಲೂ ಹೇಳಿದರು. ಸೈಕಲ್ಲಿಗೆ ರುಬ್ಬುವ ಕಲ್ಲು ಕಟ್ಟಿದ ಮನುಷ್ಯ ಇನ್ನೊಬ್ಬರಿಗೆ ಹೇಳುವ ಮಾತೇ ಇದು?

ಇಲ್ಲಿ ಅಕ್ಕನ ವಿಷಯ ಹೇಳಬೇಕು. ಮದುವೆಯಾದ ಸ್ವಲ್ಪ ಕಾಲಕ್ಕೆ ಅಕ್ಕನಿಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟಿತು; ಹೋಗುವಾಗ ಕಿವಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಕೊಂಡು ಹೋಯಿತು. ಡಾಕ್ಟರು ಕೊಡಿಸಿದ ಕಿವಿಯ ಮಿಷನ್ನಿನಲ್ಲಿ ಗೊರಗೊರ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಎದುರಿಗೆ ನಿಂತು, ತುಟಿ ಕಾಣುವ ಹಾಗೆ ಮಾತಾಡಿದರೆ ಅವಳಿಗೆ ತಿಳಿಯುತ್ತಿತ್ತು. ಹಿಂದಿನಿಂದ ಕರೆದರೆ ಇಲ್ಲ. ಇದು ಮನೆಯ ಮೂವರಿಗೆ ಬಿಟ್ಟರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊಳಾಯಿಯ ಹತ್ತಿರ ಹೆಂಗಸರು ಕೂಗಿದರೆ ಅಕ್ಕ ತಿರುಗಿಯೂ ನೋಡದೆ ಬಿಂದಿಗೆ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಸೂಪರ್‌ವೈಸರ್ ಹೆಂಡತಿಗೆ ಬಲು ಜಂಬ ಅಂತ ಅವರು ತೀರ್ಮಾನಿಸಿದ್ದರು.

"ಹೇಳಿಬಿಡಕ್ಕ, ಅದರಲ್ಲೇನಿದೆ," ಅಂದೆ ನಾನೊಂದು ಸಲ.

"ಜಂಬದವಳು ಅಂದ್ಕೊಳ್ಳಲಿ ಕಣೆ," ಅಂದಳು ಅಕ್ಕ. "ಪಾಪ ಅನ್ನೋದು ಬೇಡ."

ಅಂಥ ಮನೆಗೆ, ವರ್ಷಗಟ್ಟಲೆ ಕಾದ ಮೇಲೆ, ಗ್ಯಾಸ್ ಬಂತು. ಗ್ಯಾಸಿನ ಹಿಂದೆಯೇ ಕುಕ್ಕರ್ ಬಂತು. ಬೇರೆ ಮನೆಯ ಹೆಂಗಸರು ಕುಕ್ಕರ್ ಇಟ್ಟು ಹೂ ಕಟ್ಟುತ್ತಾ ಕೂರುತ್ತಿದ್ದರು. ವಿಷಲ್ ಕೂಗಿದರೆ ಎದ್ದು ಹೋಗಿ ಆರಿಸುತ್ತಿದ್ದರು. ಅಕ್ಕ ಮಾತ್ರ ಒಲೆಯ ಮುಂದೆ ನಿಂತು ಕುಕ್ಕರಿನ ತಲೆಯನ್ನೇ ನೋಡುತ್ತಿರಬೇಕು. ಬಟ್ಟೆ ತರೋಣ ಅಂತ ಒಂದು ಗಳಿಗೆ ಹಿತ್ತಲಿಗೆ ಹೋದರೆ ಬೇಳೆ ತಳಹಿಡಿಯುತ್ತಿತ್ತು. ಆ ದಿನಗಳಲ್ಲಿ ನಾವು ತಿಂದ ಸೀದ ಸಾರಿಗೆ ಲೆಕ್ಕವಿಲ್ಲ. ಭಾವ ಮಾತ್ರ ಪ್ರತಿ ಸಲವೂ, "ಸ್ವಲ್ಪ ಹೊತ್ತಿದ್ರೇನೇ ಘಮ," ಅಂತ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ರುಚಿ ಗೊತ್ತಿಲ್ಲದ ಜನ್ಮ ಅಂತ ನಾನು ಅಂದುಕೊಳ್ಳುತ್ತಿದ್ದೆ.

ಒಂದು ಸಂಜೆ ಅವರು ಮಾಲೀಕರನ್ನು ಕೇಳಿ ಗುಜರಿಗೆ ಹಾಕಿದ್ದ ಒಂದು ಕೌಂಟರ್ ತಂದರು. ಪ್ರೆಸ್ಸು ಒಂದು ಸಲ ಬಡಿದರೆ ಒಂದು ಅಂಕಿ ಮುಂದೆ ಹೋಗುವ ಪುಟ್ಟ ಡಬ್ಬಿ ಅದು. ಎಷ್ಟು ತಗಡು ಒತ್ತಿದರು ಅಂತ ತಿಳಿಯುವುದಕ್ಕೆ ಇಟ್ಟಿರುತ್ತಾರೆ. ಅದನ್ನು ಕುಕ್ಕರಿನ ಪಕ್ಕಕ್ಕೆ ಕಟ್ಟಿದರು. ವಿಷಲ್ ಕೂಗುವಾಗ ಮುಚ್ಚಳದ ಮೇಲಿನ ಭಾರದ ಗುಂಡು ಎದ್ದು ಒಂದು ಕಡ್ಡಿಯನ್ನು ತಳ್ಳಬೇಕು; ಕಡ್ಡಿ ಅಂಕಿಯನ್ನು ತಳ್ಳಬೇಕು; ಮೂರನೇ ಅಂಕಿ ಬಂದಕೂಡಲೇ ಒಂದು ಸ್ಪ್ರಿಂಗ್ ಬಿಚ್ಚಿಕೊಂಡು ಗ್ಯಾಸಿನ ನಾಬನ್ನು ತಿರುಗಿಸಿ ಆರಿಸಬೇಕು. "ಕುಕ್ಕರಿಗೆ ಎಣಿಸೋದು ಕಲಿಸ್ತಿದ್ದೀನಿ," ಅಂದರು. ಆ ಕೌಂಟರಿನಲ್ಲಿ ಲಕ್ಷದವರೆಗೆ ಅಂಕಿಗಳಿದ್ದವು. ಲಕ್ಷ ವಿಷಲ್ ಕೂಗಿಸಿಕೊಳ್ಳುವ ಬೇಳೆ ಯಾವ ದೇಶದಲ್ಲಿ ಬೆಳೆಯುತ್ತದೋ ನನಗೆ ಗೊತ್ತಿಲ್ಲ.

ಮೊದಲು ಗುಂಡು ಸುಮ್ಮನೆ ಕುಣಿದದ್ದನ್ನೆಲ್ಲ ಅದು ವಿಷಲ್ ಅಂತ ಎಣಿಸಿ, ಬೇಳೆ ಬಿಸಿಯಾಗುವ ಮೊದಲೇ ಒಲೆ ಆರಿಸಿತು. ಕಡ್ಡಿ ಬದಲಾಯಿಸಿದರು. ಮುಂದಿನ ಸಲ ಸ್ಪ್ರಿಂಗ್ ಎಷ್ಟು ಬಲವಾಗಿತ್ತೆಂದರೆ ನಾಬನ್ನು ತಿರುಗಿಸುವ ಬದಲು ಒಲೆಯನ್ನೇ ತಿರುಗಿಸಿ ಗೋಡೆಗೆ ಮುಖ ಮಾಡಿಸಿತು. "ಇನ್ನು ಸಾಕು, ಮನೆ ಸುಟ್ಟೀರಿ," ಅಂತ ನಾನು ಜಗಳವಾಡಿದೆ. ಅವರು ಕೇಳಲಿಲ್ಲ. ಆ ಮನೆಯಲ್ಲಿ ನಿಜವಾದ ಕಿವುಡು ಯಾರಿಗೆ ಅಂತ ನನಗೆ ಆಗಾಗ ಅನುಮಾನ ಬರುತ್ತಿತ್ತು.

ಕೊನೆಗೆ ಒಂದು ಭಾನುವಾರ ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕಿ, ಎದುರುಮನೆಯ ಮಗುವನ್ನು ಆಡಿಸಿ, ನಿಧಾನವಾಗಿ ಒಳಗೆ ಬಂದಳು. ಒಲೆ ಆರಿತ್ತು. ಮುಚ್ಚಳ ತೆಗೆದು ಸೌಟಿನಿಂದ ಬೇಳೆ ಅದುಮಿ ನೋಡಿದಳು. ಹದವಾಗಿ ಬೆಂದಿತ್ತು. ಊಟಕ್ಕೆ ಕೂತಾಗ ಭಾವನ ಅನ್ನದ ಮೇಲೆ ತುಪ್ಪದ ಬಟ್ಟಲನ್ನೇ ಬೋರಲು ಹಾಕಿದಳು.

ಅಲ್ಲಿಗೆ ಬಿಡಬಾರದೇ? ಇಲ್ಲ. ಇದಕ್ಕೆ ಪೇಟೆಂಟು ಬೇಕು ಅಂತ ಹಟ ಹಿಡಿದರು. ಮದ್ರಾಸಿನ ಕಚೇರಿಗೆ ಅರ್ಜಿ ಹೋಗಬೇಕು, ಟೈಪ್ ಮಾಡುವವಳು ನಾನು. ಎಲ್ಲೆಲ್ಲೋ ಹಳೆಯ ಪೇಟೆಂಟಿನ ಕಾಗದಗಳನ್ನು ಓದಿಕೊಂಡು ಬಂದು, ಮನೆಯಲ್ಲೂ ಅದೇ ಭಾಷೆ ಶುರುಮಾಡಿದರು. "ನಿನ್ನೆ ಹೇಳಲಾದಂಥದೇ ಕಾಫಿ ಕೊಡು. ಆದರೆ ಸದರಿ ಕಾಫಿಯಲ್ಲಿ ಸಕ್ಕರೆ ಜಾಸ್ತಿ ಇರುವುದೇ ಅದರ ವೈಶಿಷ್ಟ್ಯವಾಗಿರತಕ್ಕದ್ದು." ಸದರಿ ಕಾಫಿಯನ್ನು ಸದರಿ ತಲೆಯ ಮೇಲೆ ಸುರಿಯುವ ಆಸೆಯನ್ನು ನಾನು ಹಲವು ಸಲ ತಡೆದುಕೊಂಡಿದ್ದೇನೆ.

ಅರ್ಜಿಯಲ್ಲಿ ಇದು ಯಾರಿಗೆ ಉಪಯೋಗ ಅನ್ನುವ ಕಡೆ ನಾನು 'ಕಿವಿ ಮಂದವಾಗಿರುವವರಿಗೆ' ಅಂತ ಟೈಪ್ ಮಾಡಿದ್ದೆ. ಭಾವ ಆ ಸಾಲನ್ನು ಹೊಡೆದುಹಾಕಿ 'ಗೃಹಿಣಿಯರ ಅನುಕೂಲಕ್ಕೆ' ಅಂತ ಬರೆದರು. ಇಡೀ ಪುಟ ಮತ್ತೆ ಟೈಪ್ ಮಾಡಬೇಕಾಯಿತು. ಮಾತು ದೊಡ್ಡದಾಗಿ ಕಾಣಲಿ ಅನ್ನುವ ಚಪಲ, ಬೇರೇನಲ್ಲ ಅಂದುಕೊಂಡೆ.

ಆಶ್ಚರ್ಯ ನೋಡಿ, ಕಚೇರಿಯವರು ಅರ್ಜಿಯನ್ನು ಒಪ್ಪಿ, ಯಾರದಾದರೂ ತಕರಾರಿದ್ದರೆ ಹೇಳಿ ಅಂತ ಪ್ರಕಟಿಸಿದರು. ತಕರಾರು ಬಂತು. ಕುಕ್ಕರ್ ಮಾಡುವ ಒಂದು ದೊಡ್ಡ ಕಂಪನಿಯದು. ಕುಕ್ಕರ್ ಹಳೆಯದು, ಕೌಂಟರ್ ಹಳೆಯದು, ಹೊತ್ತಾದ ಮೇಲೆ ತಾನಾಗಿ ಗ್ಯಾಸ್ ಆರಿಸುವ ಸಾಧನ ಹೊರದೇಶದಲ್ಲಿ ಆಗಲೇ ಇದೆ. ಮೂರನ್ನೂ ಸೇರಿಸುವುದು ಆ ಕಸುಬಿನ ಯಾರಿಗಾದರೂ ಸುಲಭವಾಗಿ ಹೊಳೆಯುವ ಮಾತು, ಆದ್ದರಿಂದ ಪೇಟೆಂಟು ಕೊಡಕೂಡದು ಅಂತ. ಭಾವ ಮಾಲೀಕರ ಕ್ಲಾಂಪಿನ ಬಗ್ಗೆ ಹೇಳಿದ್ದ ಮಾತನ್ನೇ ಇವರು ಸೂಟು ಹಾಕಿಸಿ ಕಳಿಸಿದ್ದರು. ನನಗೆ ಎಂಥ ಖುಷಿಯಾಯಿತು ಅಂತ ಹೇಳಲಾರೆ.

ಭಾವ ಗೌಡರ ಜಗಲಿಗೆ ಹೋಗಿ ನ್ಯಾಯ ಕೇಳಿದರು. ಗೌಡರು ಎಲೆಅಡಿಕೆ ಜಗಿದು ಮುಗಿಸಿ ತೀರ್ಪು ಕೊಟ್ಟರು. "ಅಂಗಲ್ಲ ಸ್ವಾಮಿ. ಎತ್ತೂ ಇತ್ತು, ಗಾಡೀನೂ ಇತ್ತು. ಕಟ್ಟಿದೋನು ನಾನೇ ಮೊದ್ಲು ಅಂತ ಯಾರಾರ ಅಂದ್ರೆ ಒಪ್ಪಕಾಯ್ತದಾ?"

"ಕಟ್ಟೋದಕ್ಕೆ ಮುಂಚೆ ಯಾರಿಗೂ ಹೊಳೆದಿರಲಿಲ್ಲವಲ್ಲ ಗೌಡ್ರೆ."

"ಒಳೀದೆ ಏನು, ಎತ್ತಿಗೇ ಒಳೆದಿರ್ತದೆ."

"ಒಗಟು ಬಿಡಿಸಿದ ಮೇಲೆ ಎಲ್ಲರೂ ಜಾಣರೇ," ಅಂತ ಭಾವ ಮುನಿಸಿಕೊಂಡು ಬಂದರು. ಅವರು ಆಡಿದ ಮಾತುಗಳಲ್ಲಿ ಅರ್ಥವಿದ್ದದ್ದು ಅದೊಂದೇ. ಆದರೂ ನಾನು ಗೌಡರ ಪಕ್ಷ.

ಮದ್ರಾಸಿನಲ್ಲಿ ವಿಚಾರಣೆ. ಭಾವ ಇಂಗ್ಲಿಷಿನಲ್ಲಿ ತಡವರಿಸಿದರೆ ನೆರವಿಗೆ ಇರಲಿ ಅಂತ ನಾನು. ಯಂತ್ರ ನಡೆಸಿ ತೋರಿಸಲಿ ಅಂತ ಅಕ್ಕ. ಗೋಣಿಚೀಲದಲ್ಲಿ ಕುಕ್ಕರ್, ಒಲೆ, ಕೌಂಟರ್ ಮತ್ತು ತೊಗರಿಬೇಳೆ. ರೈಲಿನಲ್ಲಿ ಪಕ್ಕದವರು ಅಡುಗೆಯವರೇ ಅಂತ ವಿಚಾರಿಸಿದರು. "ಸಂಶೋಧಕರು," ಅಂದರು ಭಾವ. ಪಕ್ಕದವರು ಎದ್ದು ಬೇರೆ ಕಡೆ ಹೋಗಿ ಕೂತರು. ಕಚೇರಿಯಲ್ಲಿ, ಇಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ ಅಂತ ಬಾಗಿಲಲ್ಲೇ ಹೇಳಿದ್ದರಿಂದ ಗೋಣಿಚೀಲ ಮೂಲೆಗೆ ಹೋಯಿತು, ಅಕ್ಕ ಅದರ ಪಕ್ಕದ ಕುರ್ಚಿಗೆ.

ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕಂಪನಿಯ ವಕೀಲರು ಮೇಜಿನ ಮೇಲೆ ಮೂರು ಕಾಗದ ಸಾಲಾಗಿ ಇಟ್ಟು, ಇದು ಕುಕ್ಕರ್, ಇದು ಕೌಂಟರ್, ಇದು ಗ್ಯಾಸ್ ಆರಿಸುವುದು ಅಂತ ಇಸ್ಪೀಟು ಹಂಚಿದ ಹಾಗೆ ತೋರಿಸಿದರು. ಇದೊಂದು ಆಟದ ಸಾಮಾನು, ಇದರಲ್ಲಿ ಬುದ್ಧಿಯ ಕೆಲಸವೇ ಇಲ್ಲ ಅಂದರು. ಆಟದ ಸಾಮಾನಿನ ಮೇಲೆ ಇಷ್ಟು ದೊಡ್ಡ ವಕೀಲರನ್ನು ಬಿಟ್ಟ ಕಂಪನಿಯ ಬುದ್ಧಿಯ ಬಗ್ಗೆ ಯಾರೂ ಕೇಳಲಿಲ್ಲ. ಭಾವ ಎದ್ದು, ಬಾಯಿಪಾಠ ಮಾಡಿಕೊಂಡಿದ್ದ ಭಾಷಣವನ್ನು, ಇಂಗ್ಲಿಷಿನ ಸದರಿಯಾದ 'ಸೆಡ್, ಸೆಡ್' ಅಂತ ದಣಿಯುವವರೆಗೆ ಒಪ್ಪಿಸಿದರು.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ವಯಸ್ಸಾದವರು, ಸಮಾಧಾನದವರು. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದು ಇಟ್ಟರು.

"ಮೂರೂ ಮೊದಲೇ ಇದ್ದವು, ಸರಿ. ಅದೊಂದೇ ಕಾರಣಕ್ಕೆ ನಾನು ಇಲ್ಲ ಅನ್ನೋದಿಲ್ಲ. ಮೂರನ್ನೂ ಸೇರಿಸಬೇಕು ಅಂತ ಇಷ್ಟು ದಿನ ಯಾರಿಗೂ ಅನ್ನಿಸದೆ ಇದ್ದದ್ದು ನಿಮಗೆ ಯಾಕನ್ನಿಸಿತು? ಅಡುಗೆಮನೆಯಲ್ಲಿ ಹೆಂಗಸರು ಇರ್ತಾರೆ. ವಿಷಲ್ ಕೇಳಿಸುತ್ತೆ. ಹೋಗಿ ಆರಿಸ್ತಾರೆ. ಇದರ ಅಗತ್ಯ ಏನು ಬಂತು?"

"ಅದೇ ನಾನೂ ಹೇಳೋದು," ಅಂದರು ವಕೀಲರು. "ಅಗತ್ಯವೇ ಇಲ್ಲ. ಎಲ್ಲರಿಗೂ ಕಿವಿ ಇದೆ."

ಇಡೀ ವ್ಯಾಜ್ಯ ಗೆಲ್ಲುವ ಉತ್ತರ ಒಂದೇ ಸಾಲಿನದು. ಕಿವಿ ಕೇಳದ ಹೆಂಗಸರ ಕಷ್ಟ ಆ ಮೂರು ಕಾಗದ ಬರೆದ ಯಾವ ಮಹಾನುಭಾವನಿಗೂ ಹೊಳೆದಿರಲಿಲ್ಲ. ಹೊಳೆದದ್ದು ಈ ಬೋಳುತಲೆಗೆ. ಭಾವ ಬಾಯಿ ತೆರೆದರು. ಮೂಲೆಯಲ್ಲಿ ಕೂತಿದ್ದ ಅಕ್ಕನ ಕಡೆ ನೋಡಿದರು. ಅಕ್ಕ ಹೊಸ ಸೀರೆಯ ಸೆರಗನ್ನು ಹೆಗಲ ತುಂಬ ಹೊದ್ದು, ಎಲ್ಲ ತಿಳಿದವಳ ಹಾಗೆ ಅಧಿಕಾರಿಯನ್ನೇ ನೋಡುತ್ತಾ ಗಂಭೀರವಾಗಿ ತಲೆದೂಗುತ್ತಿದ್ದಳು. ನಾನು ಏನೋ ಹೇಳಲು ಹೊರಟೆ. ಭಾವ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

"ಅಂಥ ಅಗತ್ಯ ಏನಿಲ್ಲ ಸಾರ್," ಅಂದರು. "ಸುಮ್ಮನೆ. ಅನುಕೂಲಕ್ಕೆ."

ವಕೀಲರು ಕಾಗದ ಜೋಡಿಸಿಕೊಳ್ಳತೊಡಗಿದರು. ಪೇಟೆಂಟು ಕೊಡಲಾಗುವುದಿಲ್ಲ ಅನ್ನುವ ಆದೇಶ ಅಂಚೆಯಲ್ಲಿ ಬಂದದ್ದು ಆಮೇಲೆ. ಆದರೆ ಸೋತದ್ದು ಆ ಗಳಿಗೆಯಲ್ಲೇ ಅಂತ ನಮಗೆ ಗೊತ್ತಾಗಿತ್ತು.

ಹೊರಗೆ ಮೆಟ್ಟಿಲ ಮೇಲೆ ನಾನು ಸಿಡಿದುಬಿಟ್ಟೆ. ಅಕ್ಕ ನಮ್ಮ ಮುಂದೆ, ಬಿಸಿಲಿಗೆ ಸೆರಗು ಹಿಡಿದು ಇಳಿಯುತ್ತಿದ್ದಳು. "ಯಾಕೆ ಹೇಳಲಿಲ್ಲ ಭಾವ? ಅವಳ ಮನಸ್ಸಿಗೆ ನೋವಾಗುತ್ತೆ ಅಂತಾನಾ? ನೀವು ಹೇಳಿದ್ರೂ ಅವಳಿಗೆ ಕೇಳಿಸ್ತಿರಲಿಲ್ಲ."

ಭಾವ ಗೋಣಿಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು.

"ಬೇರೆಯವರಿಗೆ ಕೇಳಿಸ್ತಿತ್ತಲ್ಲ ಕಣಮ್ಮ," ಅಂದರು.

ರೈಲಿಗೆ ಇನ್ನೂ ಹೊತ್ತಿತ್ತು. ಅಕ್ಕ ಸಮುದ್ರ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಬಸ್ಸು ಹತ್ತಿ ಹೋದೆವು. ಮರಳಿನಲ್ಲಿ ಗೋಣಿಚೀಲ ಇಳಿಸಿ, ಚಪ್ಪಲಿ ಬಿಟ್ಟು, ಮೂವರೂ ನೀರಿನ ಅಂಚಿಗೆ ನಡೆದೆವು. ಅಲೆಗಳು ದೂರದಲ್ಲಿ ಎದ್ದು, ಹತ್ತಿರ ಬಂದು ಒಡೆದು, ನೊರೆಯನ್ನು ಎಳೆದುಕೊಂಡು ಹಿಂದೆ ಹೋಗುತ್ತಿದ್ದವು. ಅಕ್ಕ ತುಂಬ ಹೊತ್ತು ನೋಡಿದಳು.

"ಇದು ಜೋರಾಗಿ ಸದ್ದು ಮಾಡುತ್ತಂತಲ್ಲ," ಅಂದಳು. "ಹೆಂಗಿರುತ್ತೆ ರೀ?"

ಭಾವ ನೀರಿಗೆ ಇಳಿದು, ಸಮುದ್ರಕ್ಕೆ ಬೆನ್ನು ಹಾಕಿ, ತುಟಿ ಕಾಣುವ ಹಾಗೆ ಅವಳ ಎದುರು ನಿಂತರು. ಹಿಂದಿನಿಂದ ಬಂದ ಅಲೆ ಅವರ ಪ್ಯಾಂಟನ್ನು ಮೊಣಕಾಲಿನವರೆಗೆ ನೆನೆಸಿತು.

"ಥೂ, ಏನೂ ಇಲ್ಲ ಕಣೆ," ಅಂದರು ಬಿಡಿಸಿ ಬಿಡಿಸಿ. "ನಮ್ಮ ಪ್ರೆಸ್ ಶಾಪಿನ ಥರಾನೇ. ದಬ ದಬ ಅಂತ ಒಂದೇ ಸಮ. ತಲೆನೋವು. ಕೇಳಿಸದೇ ಇರೋದೇ ಒಳ್ಳೇದು."

ಅಕ್ಕ ನನ್ನ ಕಡೆ ತಿರುಗಿ, "ಹೌದೇನೆ?" ಅಂದಳು.

ಬಂದಾಗಿನಿಂದ ನಾನು ಆ ಸದ್ದು ಕೇಳುತ್ತಾ ಮೈಮರೆತು ನಿಂತಿದ್ದೆ. ಅವಳ ಎದುರಿಗೆ ಹೋಗಿ, ಮುಖ ಎತ್ತಿ, "ಹೌದಕ್ಕ, ಬರೀ ದಬ ದಬ," ಅಂದೆ.